ಪುಲ್‌ಮನ್ ಮಾಡಿದ ತಪ್ಪೇನು?

ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಹಳೆಯ ಕೂಟಗಳು ಒಡೆದು ಚೂರಾಗುತ್ತಿರುವ ಈ ವರ್ಷಗಳಲ್ಲಿ ಅಲ್ಲಿನ ಟಿವಿ ಚರ್ಚೆಗಳಲ್ಲಿ, ಕ್ರೀಡಾ ಅಂಕಣಗಳಲ್ಲಿ, ವಿಶ್ವವಿದ್ಯಾಲಯಗಳ ಹೇಳಿಕೆಗಳಲ್ಲಿ ಕೇಳಿಬರುವುದು ಒಂದೇ ಮಾತು: ಇದು ಮಾರುಕಟ್ಟೆಯ ತೀರ್ಪು. ಜನ ಯಾರ ಆಟ ನೋಡುತ್ತಾರೋ ಅವರಿಗೆ ಹಣ ಹೋಗುತ್ತದೆ, ಹಣ ಇರುವಲ್ಲಿಗೆ ದೊಡ್ಡವರು ಹೋಗುತ್ತಾರೆ, ಉಳಿದವರು ತಮ್ಮ ಯೋಗ್ಯತೆಗೆ ತಕ್ಕ ಜಾಗ ನೋಡಿಕೊಳ್ಳಬೇಕು. ಅಯ್ಯೋ ಪಾಪ ಅನ್ನಿಸಬಹುದು, ಆದರೆ ಮಳೆ ಗಾಳಿಯನ್ನು ತಡೆಯುವವರುಂಟೇ?

ಈ ವಾದವನ್ನು ನಾನು ಒಪ್ಪುವುದಿಲ್ಲ. ತಪ್ಪು ಮಾಡಿದವರು ತಮ್ಮ ರಕ್ಷಣೆಗೆ ಕಟ್ಟಿಕೊಂಡ ವಾದ ಇದು ಎಂಬುದೇ ನನ್ನ ಆರೋಪ. ಅಲ್ಲಿ ನಡೆದದ್ದು ಮಳೆಯೂ ಅಲ್ಲ, ಗಾಳಿಯೂ ಅಲ್ಲ. ಬಹುಪಾಲು ಜನರ ತೆರಿಗೆಯಿಂದ ನಿಂತ ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಗಳು ಸಭೆ ಸೇರಿ, ಮತ ಹಾಕಿ, ತಿಳಿದೂ ತಿಳಿದೂ ಮಾಡಿದ ತೀರ್ಮಾನ. ಮನುಷ್ಯರು ಮಾಡಿದ್ದನ್ನು ಮನುಷ್ಯರು ತಿದ್ದಬಹುದು. ಅದಕ್ಕೆ ಉತ್ತರವನ್ನೂ ಕೇಳಬಹುದು.

ಅಲ್ಲಿ ಫುಟ್‌ಬಾಲ್ ಅಂದರೆ ನಾವು ಆಡುವ ಕಾಲ್ಚೆಂಡಲ್ಲ. ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ಅಕ್ಕಪಕ್ಕದ ಹತ್ತು ಹನ್ನೆರಡು ವಿಶ್ವವಿದ್ಯಾಲಯಗಳು ಒಂದು ಕೂಟ ಕಟ್ಟಿಕೊಂಡು, ವರ್ಷವರ್ಷವೂ ತಮ್ಮತಮ್ಮಲ್ಲೇ ಆಡಿ, ಟಿವಿಯಿಂದ ಬಂದದ್ದನ್ನು ಹಂಚಿಕೊಳ್ಳುತ್ತಿದ್ದವು. ಕಾನ್ಫರೆನ್ಸ್ ಎಂದು ಅದಕ್ಕೆ ಹೆಸರು. ಪಶ್ಚಿಮ ಕರಾವಳಿಯ ಪ್ಯಾಕ್-12 ಅಂಥ ಕೂಟ. ಅದರ ಬೇರು 1915ರಲ್ಲಿ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಬಿದ್ದದ್ದು. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಎರಡು ದೊಡ್ಡ ಸಂಸ್ಥೆಗಳು, ಯುಎಸ್‌ಸಿ ಮತ್ತು ಯುಸಿಎಲ್‌ಎ, ಅಮೆರಿಕದ ಮಧ್ಯ-ಪಶ್ಚಿಮ ಭಾಗದ ಬಿಗ್ ಟೆನ್ ಕೂಟಕ್ಕೆ ಹೋಗುವುದಾಗಿ ಘೋಷಿಸಿದವು. ಅದೇ ಆಗಸ್ಟ್‌ನಲ್ಲಿ ಬಿಗ್ ಟೆನ್ ಮೂರು ಟಿವಿ ಜಾಲಗಳ ಜೊತೆ ಏಳು ವರ್ಷಕ್ಕೆ 700 ಕೋಟಿ ಡಾಲರ್ ಮೀರಿದ ಒಪ್ಪಂದಕ್ಕೆ ಸಹಿ ಹಾಕಿತು. ಮರುವರ್ಷ ಜುಲೈನಲ್ಲಿ ಕೊಲೊರಾಡೊ ಹೊರಟಿತು. 2023ರ ಆಗಸ್ಟ್ 4, ಶುಕ್ರವಾರ, ಉಳಿದ ಒಂಬತ್ತು ಮಂದಿ ಹೊಸ ಒಪ್ಪಂದಕ್ಕೆ ಸಹಿ ಹಾಕಿ ಕೂಟವನ್ನು ಉಳಿಸಿಕೊಳ್ಳುತ್ತಾರೆ ಎಂದು ಬೆಳಿಗ್ಗೆ ಕಾದಿದ್ದವರು ರಾತ್ರಿಯೊಳಗೆ ಐವರು ಬಾಗಿಲು ದಾಟಿದ್ದನ್ನು ನೋಡಿದರು: ವಾಷಿಂಗ್ಟನ್, ಒರೆಗಾನ್ ಬಿಗ್ ಟೆನ್‌ಗೆ, ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬೇರೆಡೆಗೆ. ಸೆಪ್ಟೆಂಬರ್ ಒಂದಕ್ಕೆ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ, ಪೆಸಿಫಿಕ್ ತೀರದ ಸಂಸ್ಥೆಗಳಾಗಿದ್ದೂ, ಅಟ್ಲಾಂಟಿಕ್ ತೀರದ ಕೂಟ ಸೇರಿದವು. ಉಳಿದವು ಎರಡು. ಪುಲ್‌ಮನ್ ಊರಿನ ವಾಷಿಂಗ್ಟನ್ ಸ್ಟೇಟ್, ಕೊರ್ವಾಲಿಸ್ ಊರಿನ ಒರೆಗಾನ್ ಸ್ಟೇಟ್.

ಪುಲ್‌ಮನ್ ವಾಷಿಂಗ್ಟನ್ ರಾಜ್ಯದ ಪೂರ್ವದ ಅಂಚಿನಲ್ಲಿದೆ. ಸುತ್ತ ಅಲೆಯಲೆಯಾಗಿ ಹಬ್ಬಿದ ಪಲೂಸ್ ಗುಡ್ಡಗಳು, ಗುಡ್ಡದ ಮೇಲೆಲ್ಲ ಗೋಧಿ. ಊರಿನ ಜನಸಂಖ್ಯೆ ಮೂವತ್ತು ಸಾವಿರ ಚಿಲ್ಲರೆ, ಸ್ಟೇಡಿಯಂನ ಆಸನಗಳೂ ಹೆಚ್ಚುಕಡಿಮೆ ಅಷ್ಟೇ. ವರ್ಷಕ್ಕೆ ಆರೇಳು ಶನಿವಾರ ಸಿಯಾಟಲ್ ಕಡೆಯಿಂದ ನಾಲ್ಕೈದು ಗಂಟೆ ಕಾರು ಓಡಿಸಿಕೊಂಡು ಹಳೆಯ ವಿದ್ಯಾರ್ಥಿಗಳು ಬರುತ್ತಾರೆ. ಊರಿನ ಹೋಟೆಲು, ಲಾಡ್ಜು, ಪೆಟ್ರೋಲ್ ಬಂಕುಗಳಿಗೆ ಆ ಶನಿವಾರಗಳೇ ವರ್ಷದ ದುಡಿಮೆಯ ದೊಡ್ಡ ಪಾಲು. ಹೋಗುವಾಗ ವಿಶ್ವವಿದ್ಯಾಲಯದ ಡೇರಿಯಲ್ಲೇ ತಯಾರಾಗುವ, ತಗಡಿನ ಡಬ್ಬದಲ್ಲಿ ಬರುವ ಕೂಗರ್ ಗೋಲ್ಡ್ ಚೀಸ್ ಕೊಂಡುಹೋಗುತ್ತಾರೆ. ಇದು ಕೃಷಿ ಕಾಲೇಜಾಗಿ ಶುರುವಾದ ಸಂಸ್ಥೆ. ಅಮೆರಿಕ ಸರ್ಕಾರ ಭೂಮಿ ಕೊಟ್ಟು ರಾಜ್ಯರಾಜ್ಯದಲ್ಲೂ ಕಟ್ಟಿಸಿದ ಇಂಥ ಕಾಲೇಜುಗಳ ಮಾದರಿಯಲ್ಲೇ 1964ರಲ್ಲಿ ನಮ್ಮ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯವೂ ಹುಟ್ಟಿತು. ಇನ್ನೊಂದು ಸಂಗತಿ ನಮ್ಮವರಿಗೆ ಗೊತ್ತಿರಬೇಕು. ಜಪಾನಿನ ನೊರಿನ್-10 ಎಂಬ ಗಿಡ್ಡ ತಳಿಯನ್ನು ಅಮೆರಿಕದ ಗೋಧಿಯೊಡನೆ ಕೂಡಿಸಿದ ವಿಜ್ಞಾನಿ ಆರ್ವಿಲ್ ವೋಗಲ್ ಕೆಲಸ ಮಾಡಿದ್ದು ಪುಲ್‌ಮನ್‌ನಲ್ಲಿ. ಆ ಬೀಜವನ್ನು ಅವರು ನಾರ್ಮನ್ ಬೋರ್ಲಾಗ್‌ಗೆ ಕಳಿಸಿದರು. ಅದರ ಸಂತತಿ ಮೆಕ್ಸಿಕೊ ದಾಟಿ 1960ರ ದಶಕದಲ್ಲಿ ಭಾರತದ ಹೊಲಗಳಿಗೆ ಬಂತು. ನಮ್ಮ ಹಸಿರು ಕ್ರಾಂತಿಯ ಗೋಧಿಯ ಒಂದು ಬೇರು ಆ ಗುಡ್ಡಗಳಲ್ಲಿದೆ. ಅಂಥ ಊರನ್ನು ಟಿವಿ ಒಪ್ಪಂದದ ಲೆಕ್ಕದವರು ಸಣ್ಣ ಮಾರುಕಟ್ಟೆ ಎಂಬ ಒಂದು ಸಾಲಿನಲ್ಲಿ ಮುಗಿಸಿಬಿಟ್ಟರು.

ಯೋಗ್ಯತೆಯ ಮಾತನ್ನೇ ಮೊದಲು ಎತ್ತಿಕೊಳ್ಳೋಣ. ವಾಷಿಂಗ್ಟನ್ ಸ್ಟೇಟ್ 2018ರಲ್ಲಿ ಹನ್ನೊಂದು ಪಂದ್ಯ ಗೆದ್ದು ಎರಡನ್ನಷ್ಟೇ ಸೋತಿತು. ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯ 2014ರಲ್ಲಿ ಬಿಗ್ ಟೆನ್ ಸೇರಿತು. 2016ರಲ್ಲಿ ತನ್ನದೇ ಮೈದಾನದಲ್ಲಿ ಮಿಷಿಗನ್ ವಿರುದ್ಧ 78-0ರಿಂದ ಸೋತಿತು. ಇವತ್ತು ರಟ್ಗರ್ಸ್ ಒಳಗಿದೆ, ವಾಷಿಂಗ್ಟನ್ ಸ್ಟೇಟ್ ಹೊರಗಿದೆ. ಕಾರಣ ಆಟವಲ್ಲ. ರಟ್ಗರ್ಸ್‌ನ ಮಗ್ಗುಲಲ್ಲಿ ನ್ಯೂಯಾರ್ಕ್ ಇದೆ, ಅಲ್ಲಿನ ಲಕ್ಷಾಂತರ ಮನೆಗಳಿಗೆ ಕೇಬಲ್ ಇತ್ತು, ಆ ಮನೆಗಳವರು ರಟ್ಗರ್ಸ್ ಆಟ ನೋಡಲಿ ಬಿಡಲಿ, ಪ್ರತಿ ಸಂಪರ್ಕಕ್ಕೂ ಕೂಟದ ಚಾನೆಲ್ಲಿಗೆ ಹಣ ಬರುತ್ತಿತ್ತು. ಆ ಕೇಬಲ್ ವ್ಯವಹಾರವೇ ಈಗ ಕರಗುತ್ತಿದೆ, ಜನ ಮೊಬೈಲ್‌ಗೂ ಸ್ಟ್ರೀಮಿಂಗ್‌ಗೂ ಹೋಗಿದ್ದಾರೆ. ಆದರೆ ರಟ್ಗರ್ಸ್‌ನ ಕುರ್ಚಿ ಭದ್ರ. ಇದನ್ನು ಯೋಗ್ಯತೆ ಎಂದು ಯಾರೂ ನನಗೆ ಹೇಳಿಕೊಡಬೇಡಿ. ಗೆದ್ದವನನ್ನು ಕೆಳಗಿಳಿಸಿ ಸೋತವನನ್ನು ಉಳಿಸಿಕೊಳ್ಳುವ ವ್ಯವಸ್ಥೆಗೆ ಸ್ಪರ್ಧೆ ಎಂದು ಕರೆಸಿಕೊಳ್ಳುವ ಹಕ್ಕಿಲ್ಲ.

ಅದಕ್ಕಿಂತ ದೊಡ್ಡ ಸುಳ್ಳು, ಲಾಭಕ್ಕೆ ನಿಂತ ಆಟದಲ್ಲಿ ಸಣ್ಣವರನ್ನು ಹೊತ್ತುಕೊಳ್ಳಲು ಸಾಧ್ಯವಿಲ್ಲ ಎಂಬುದು. ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಹಣ ಮಾಡುವ ಕ್ರೀಡಾ ಸಂಸ್ಥೆ ವೃತ್ತಿಪರ ಫುಟ್‌ಬಾಲ್‌ನ ಎನ್‌ಎಫ್‌ಎಲ್. ಅದು ರಾಷ್ಟ್ರೀಯ ಟಿವಿ ಹಣವನ್ನು ಮೂವತ್ತೆರಡು ತಂಡಗಳಿಗೆ ಸಮನಾಗಿ ಹಂಚುತ್ತದೆ. ಒಟ್ಟಾಗಿ ಹಕ್ಕು ಮಾರಲು 1961ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿಕೊಟ್ಟಿತು. ಹಾಗೆಂದೇ ಲಕ್ಷ ಚಿಲ್ಲರೆ ಜನರಿರುವ ವಿಸ್ಕಾನ್ಸಿನ್‌ನ ಗ್ರೀನ್ ಬೇ ಊರಿನ ತಂಡ, ಯಾವ ಕುಬೇರನ ಸ್ವತ್ತೂ ಆಗದೆ ಊರವರ, ಅಭಿಮಾನಿಗಳ ಷೇರಿನ ಮೇಲೆ ನಿಂತು, ಇವತ್ತಿಗೂ ನ್ಯೂಯಾರ್ಕ್ ತಂಡಗಳ ಎದುರು ಸರಿಸಮನಾಗಿ ಆಡುತ್ತದೆ. ಸಣ್ಣ ಊರನ್ನು ಕಾಪಾಡಿದ್ದರಿಂದ ಎನ್‌ಎಫ್‌ಎಲ್ ದಿವಾಳಿಯಾಗಲಿಲ್ಲ. ಎದುರಾಳಿ ಬಲವಾಗಿದ್ದರೆ ಮಾತ್ರ ಆಟಕ್ಕೆ ಬೆಲೆ ಎಂಬುದನ್ನು ಅಪ್ಪಟ ವ್ಯಾಪಾರಿಗಳು ಅರ್ಥ ಮಾಡಿಕೊಂಡರು. ಅರ್ಥ ಮಾಡಿಕೊಳ್ಳದವರು ವಿಶ್ವವಿದ್ಯಾಲಯಗಳ ಕುಲಪತಿಗಳು.

ಕಾಲೇಜು ಆಟಕ್ಕೂ ಒಂದು ಕಾಲದಲ್ಲಿ ಅಂಥ ಕಟ್ಟು ಇತ್ತು. ಯಾವ ಪಂದ್ಯ ಟಿವಿಯಲ್ಲಿ ಬರಬೇಕು, ಎಷ್ಟು ಬರಬೇಕು ಎಂಬುದನ್ನು ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ನಿರ್ಧರಿಸುತ್ತಿತ್ತು. ಒಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು, 1984ರಲ್ಲಿ ಸುಪ್ರೀಂ ಕೋರ್ಟ್ ಏಳಕ್ಕೆ ಎರಡರ ಬಹುಮತದಲ್ಲಿ ಆ ಹಿಡಿತವನ್ನು ಮುರಿಯಿತು. ಭಿನ್ನಮತ ಬರೆದವರು ನ್ಯಾಯಮೂರ್ತಿ ಬೈರನ್ ವೈಟ್. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಆಡಿ, ಆಮೇಲೆ ವೃತ್ತಿಪರ ತಂಡದಲ್ಲೂ ಆಡಿದ್ದವರು. ಇದನ್ನು ಬರಿಯ ವ್ಯಾಪಾರದ ಕಣ್ಣಿನಿಂದ ನೋಡಬಾರದು, ಶಿಕ್ಷಣದ ಉದ್ದೇಶ ಇಲ್ಲಿದೆ ಎಂಬುದು ಅವರ ನಿಲುವಿನ ತಿರುಳು. ಮೈದಾನ ಕಂಡಿದ್ದ ಆ ನ್ಯಾಯಮೂರ್ತಿಯ ಮಾತಿಗೆ ಅಂದು ಬೆಲೆ ಸಿಗಲಿಲ್ಲ. ಕೂಟಗಳು ಒಂದನ್ನೊಂದು ನುಂಗುವ ಇಂದಿನ ಸ್ಥಿತಿಗೆ ದಾರಿ ತೆರೆದದ್ದು ಆ ತೀರ್ಪು. ಕೋರ್ಟು ಮುರಿದದ್ದನ್ನು ಸಂಸತ್ತು 1961ರಲ್ಲಿ ವೃತ್ತಿಪರರಿಗೆ ಮಾಡಿಕೊಟ್ಟಂತೆ ಕಾಲೇಜುಗಳಿಗೂ ಮಾಡಿಕೊಡಬಹುದಿತ್ತು. ನಲವತ್ತು ವರ್ಷವಾದರೂ ಮಾಡಿಲ್ಲ.

ಇನ್ನೊಂದು ವಾದ ಉಂಟು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಪ್ಯಾಕ್-12 ಸತ್ತದ್ದು ತನ್ನ ದಡ್ಡತನದಿಂದಲೇ ಎನ್ನುತ್ತಾರೆ. ಹೌದು, 2012ರಲ್ಲಿ ಸ್ವಂತ ಟಿವಿ ಜಾಲ ಕಟ್ಟಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದುಬಾರಿ ಕಚೇರಿ ಇಟ್ಟುಕೊಂಡು, ಹೆಚ್ಚು ಮನೆಗಳಿಗೆ ತಲುಪಲಾಗದೆ ಸೋತದ್ದು ನಿಜ. ಕೊನೆಗೆ ಆ್ಯಪಲ್‌ನ ಸ್ಟ್ರೀಮಿಂಗ್ ಒಪ್ಪಂದದ ಹೊರತು ಕೈಯಲ್ಲಿ ಏನೂ ಉಳಿಯದಂತೆ ಮಾಡಿಕೊಂಡದ್ದೂ ನಿಜ. ಆದರೆ ಆ ತೀರ್ಮಾನಗಳನ್ನು ಹನ್ನೆರಡು ಮಂದಿ ಕೂತು ಮಾಡಿದರು. ತಪ್ಪು ಹನ್ನೆರಡು ಮಂದಿಯದು, ಶಿಕ್ಷೆ ಇಬ್ಬರಿಗೆ. ಹತ್ತು ಮಂದಿ ತಮ್ಮ ತಪ್ಪಿನ ಬೆಲೆ ತೆರದೆ ಬೇರೆ ಮನೆಗೆ ಹೋದರು. ಹೋಗುತ್ತ ಕೂಟದ ಬೊಕ್ಕಸದ ಮೇಲೂ ತಮಗೆ ಮತವಿದೆ ಎಂದು ಹಟ ಹಿಡಿದರು. ಅದನ್ನು ತಡೆಯಲು ಉಳಿದ ಇಬ್ಬರು ಪುಲ್‌ಮನ್ ಬಳಿಯ ಕೋಲ್‌ಫ್ಯಾಕ್ಸ್ ಎಂಬ ಪುಟ್ಟ ಪಟ್ಟಣದ ಕೌಂಟಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 2023ರ ನವೆಂಬರ್‌ನಲ್ಲಿ ನ್ಯಾಯಾಧೀಶರು ಬಿಟ್ಟುಹೋಗುವವರ ಕೈಯಿಂದ ಮತವನ್ನು ಕಿತ್ತುಕೊಂಡು ಉಳಿದವರಿಗೆ ಕೊಟ್ಟರು. ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಮುಟ್ಟಲು ನಿರಾಕರಿಸಿತು. ಬೇರೆಯವರನ್ನು ಬೀದಿಗೆ ಬಿಟ್ಟುಹೋಗುವಾಗಲೂ ಮನೆಯ ಕೀಲಿ ತಮ್ಮ ಸೊಂಟದಲ್ಲೇ ಇರಬೇಕೆಂದವರನ್ನು ಮಾರುಕಟ್ಟೆಯ ಹೆಸರಿನಲ್ಲಿ ಸಮರ್ಥಿಸಲು ಆಗುವುದಿಲ್ಲ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೂ ಪುಲ್‌ಮನ್‌ನ ವಾಷಿಂಗ್ಟನ್ ಸ್ಟೇಟ್‌ಗೂ ಆಡಳಿತ ಮಂಡಳಿಯ ರೀಜೆಂಟರನ್ನು ನೇಮಿಸುವವರು ಒಬ್ಬರೇ ಗವರ್ನರ್. ಎರಡಕ್ಕೂ ಹಣ ಕೊಡುವವರು ಅದೇ ರಾಜ್ಯದ ತೆರಿಗೆದಾರರು. 1900ರಿಂದ ಈ ಎರಡೂ ತಂಡಗಳು ಪರಸ್ಪರ ಆಡುತ್ತ ಬಂದಿವೆ. ಆ ಪಂದ್ಯಕ್ಕೆ ಆ್ಯಪಲ್ ಕಪ್ ಎಂದು ಹೆಸರು. ಒಂದೇ ರಾಜ್ಯದ ಒಂದು ಸಾರ್ವಜನಿಕ ಸಂಸ್ಥೆ ಇನ್ನೊಂದರ ಕಾಲು ಮುರಿಯುವ ತೀರ್ಮಾನ ಮಾಡುವಾಗ ರಾಜ್ಯಕ್ಕೆ ಹೇಳುವುದು ಏನೂ ಇರಲಿಲ್ಲವೇ? ಕ್ಯಾಲಿಫೋರ್ನಿಯಾ ಹೇಳಿತು. ಅಲ್ಲಿನ ರೀಜೆಂಟರು 2024ರಲ್ಲಿ, ಬಿಟ್ಟುಹೋದ ಯುಸಿಎಲ್‌ಎ ತನ್ನದೇ ಕುಟುಂಬದ ಬರ್ಕ್ಲಿಗೆ ವರ್ಷಕ್ಕೆ ಒಂದು ಕೋಟಿ ಡಾಲರ್ ಕೊಡಬೇಕು ಎಂದು ತೀರ್ಮಾನಿಸಿದರು. ಏನೂ ಮಾಡುವಂತಿರಲಿಲ್ಲ ಎನ್ನುವವರಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ. ಒಂದು ರಾಜ್ಯ ಮಾಡಿದ್ದನ್ನು ಅದರ ಉತ್ತರದ ಎರಡು ರಾಜ್ಯಗಳು ಮಾಡಲಿಲ್ಲ. ಅದು ಅವುಗಳ ಆಯ್ಕೆ.

ಮಾಡದ್ದರ ಫಲ ಈಗ ಕಣ್ಣಮುಂದಿದೆ. ಕೂಟ ಒಡೆದ ಒಂದೂವರೆ ವರ್ಷದೊಳಗೆ ಪುಲ್‌ಮನ್‌ನ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳು, ಅಂದರೆ ಚೆಂಡೆಸೆದು ದಾಳಿ ನಡೆಸುವ ಆಟಗಾರರು, ದೊಡ್ಡ ಕೂಟಗಳಿಗೆ ಹೋದರು. ಅವರಲ್ಲಿ ಮಯಾಮಿಗೆ ಹೋದ ಕ್ಯಾಮ್ ವಾರ್ಡ್ 2025ರ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಮೊದಲನೆಯವನಾದ. ಕೋಚ್ ಕೂಡ ಹೋದರು. ಅವರನ್ನು ನಾನು ದೂರುವುದಿಲ್ಲ. ಮುಳುಗುವ ಕಡೆ ಇರಿ ಎಂದು ಯುವಕರಿಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ. 2024ರ ಋತುವಿಗೆ ಎದುರಾಳಿಗಳನ್ನು ಹುಡುಕಲು ಈ ಇಬ್ಬರು ಮೌಂಟನ್ ವೆಸ್ಟ್ ಕೂಟಕ್ಕೆ ಸುಮಾರು 1.4 ಕೋಟಿ ಡಾಲರ್ ಕಟ್ಟಬೇಕಾಯಿತು. 2025ರಲ್ಲಿ ಬೇರೆ ದಾರಿಯಿಲ್ಲದೆ ಒಂದೇ ತಿಂಗಳಲ್ಲಿ ಪರಸ್ಪರ ಎರಡು ಸಲ ಆಡಿದರು, ನವೆಂಬರ್ 1ರಂದು ಕೊರ್ವಾಲಿಸ್‌ನಲ್ಲಿ, ನವೆಂಬರ್ 29ರಂದು ಪುಲ್‌ಮನ್‌ನಲ್ಲಿ. ಕೊರ್ವಾಲಿಸ್‌ನಲ್ಲಿ ಸ್ಟೇಡಿಯಂನ ಪಶ್ಚಿಮ ಭಾಗವನ್ನು 16 ಕೋಟಿ ಡಾಲರ್ ಆಸುಪಾಸು ಖರ್ಚು ಮಾಡಿ ಹೊಸದಾಗಿ ಕಟ್ಟಿದ್ದರು. ಅದು ತೆರೆದದ್ದು 2023ರ ಸೆಪ್ಟೆಂಬರ್‌ನಲ್ಲಿ, ಕೂಟ ಒಡೆದ ಮರುತಿಂಗಳು.

ಇವೆಲ್ಲ ಫುಟ್‌ಬಾಲ್‌ನ ಮಾತಾಯಿತು. ನನಗೆ ಹೆಚ್ಚು ನೋವಾಗುವುದು ಬೇರೆ ಕಡೆ. 1978ರಲ್ಲಿ ವಾಷಿಂಗ್ಟನ್ ಸ್ಟೇಟ್‌ನ ವಿದ್ಯಾರ್ಥಿಯಾಗಿದ್ದ ಕೀನ್ಯಾದ ಹೆನ್ರಿ ರೊನೊ 81 ದಿನಗಳಲ್ಲಿ ನಾಲ್ಕು ವಿಶ್ವದಾಖಲೆ ಮುರಿದ. ಹತ್ತು ಸಾವಿರ ಮೀಟರ್, ಐದು ಸಾವಿರ, ಮೂರು ಸಾವಿರ, ಸ್ಟೀಪಲ್‌ಚೇಸ್. ಅಂಥ ಅಥ್ಲೆಟಿಕ್ಸ್ ಪರಂಪರೆಯ ವಿಶ್ವವಿದ್ಯಾಲಯ 2025ರ ಜೂನ್‌ನಲ್ಲಿ ಎಸೆತ ಮತ್ತು ಜಿಗಿತದ ಸ್ಪರ್ಧೆಗಳನ್ನೇ ಕೈಬಿಟ್ಟಿತು. ವೇಗದ ಓಟ, ಹರ್ಡಲ್ಸ್‌ಗೆ ಕತ್ತರಿ ಹಾಕಿ, ದೂರದ ಓಟವನ್ನು ಮುಖ್ಯವಾಗಿ ಉಳಿಸಿಕೊಂಡಿತು. ಡಿಸ್ಕಸ್ ಎಸೆಯುವ ಹುಡುಗಿಗೂ ಟಿವಿ ಒಪ್ಪಂದಕ್ಕೂ ಏನು ಸಂಬಂಧ? ಫುಟ್‌ಬಾಲ್ ಹಣವೇ ಉಳಿದ ಆಟಗಳನ್ನು ಸಾಕುತ್ತದೆ ಎಂದು ದಶಕಗಳಿಂದ ಹೇಳುತ್ತ ಬಂದವರು ಇವರೇ. ಆ ಹಣ ಕಿತ್ತುಕೊಂಡ ಮೇಲೆ ಮೊದಲು ಉಪವಾಸ ಬಿದ್ದವಳು ಅವಳು. ಹೋದವರ ಕಡೆಯೂ ಕ್ರೀಡಾಪಟುಗಳಿಗೆ ಸುಖವಿಲ್ಲ. ಯುಸಿಎಲ್‌ಎದ ವಾಲಿಬಾಲ್ ತಂಡ ರಟ್ಗರ್ಸ್ ಜೊತೆ ಆಡಲು ಸುಮಾರು 3,900 ಕಿಲೋಮೀಟರ್ ಹಾರಬೇಕು, ಬೆಂಗಳೂರಿನಿಂದ ದೆಹಲಿಗೆ ಹೋಗಿ ಬರುವುದಕ್ಕಿಂತಲೂ ಹೆಚ್ಚು ದೂರ, ಅದೂ ಒಂದು ದಿಕ್ಕಿಗೆ. ಮಾರನೇ ದಿನ ಪರೀಕ್ಷೆ ಬರೆಯುವ ವಿದ್ಯಾರ್ಥಿಗಳು ಇವರು.

ಸಣ್ಣವರೂ ಮೇಲೇರಬಹುದು, ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ ಏರಲಿಲ್ಲವೇ ಎಂದು ಕೇಳುವವರಿದ್ದಾರೆ. 1996ರಲ್ಲಿ ಸೌತ್‌ವೆಸ್ಟ್ ಕಾನ್ಫರೆನ್ಸ್ ಮುರಿದಾಗ ಹೊರಗುಳಿದ ನಾಲ್ವರಲ್ಲಿ ಅದೂ ಒಂದು. ಕೂಟದಿಂದ ಕೂಟಕ್ಕೆ ಅಲೆದು 2012ರಲ್ಲಿ ಬಿಗ್ 12 ಎಂಬ ದೊಡ್ಡ ಕೂಟ ಸೇರಿತು, ಹತ್ತು ವರ್ಷದ ಮೇಲೆ ರಾಷ್ಟ್ರೀಯ ಫೈನಲ್ ಆಡಿತು. ಸಂತೋಷ. ಆದರೆ ಅದೇ ದಿನ ಹೊರಗುಳಿದ ರೈಸ್ ಇವತ್ತಿಗೂ ಹೊರಗೇ ಇದೆ. ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ ಪುಲ್‌ಮನ್‌ನಿಂದ ರಾಜ್ಯದ ಗಡಿ ದಾಟಿ ಹದಿಮೂರು ಕಿಲೋಮೀಟರ್ ಹೋಗಿ. ಮಾಸ್ಕೊ ಎಂಬ ಊರು, ಐಡಾಹೊ ವಿಶ್ವವಿದ್ಯಾಲಯ. ಒಂದು ಕಾಲಕ್ಕೆ ಎರಡೂ ಊರಿನ ಪಂದ್ಯ ಮುಗಿದ ಮೇಲೆ ಸೋತ ಕಡೆಯ ವಿದ್ಯಾರ್ಥಿಗಳು ಗೆದ್ದವರ ಊರಿಗೆ ಹೊಲಗಳ ನಡುವೆ ನಡೆದುಕೊಂಡು ಹೋಗುವ ಪದ್ಧತಿ ಇತ್ತು. ಐಡಾಹೊ ಕೂಡ ಪಶ್ಚಿಮ ಕರಾವಳಿಯ ಆ ಹಳೆಯ ಕೂಟದ ಸದಸ್ಯನಾಗಿತ್ತು. 1959ರಲ್ಲಿ ಅದು ಒಡೆದು ಹೊಸ ರೂಪ ಪಡೆದಾಗ ಐಡಾಹೊವನ್ನು ಒಳಗೆ ಸೇರಿಸಿಕೊಳ್ಳಲಿಲ್ಲ. ಆಮೇಲೆ ಕಂಡ ಕಂಡ ಕೂಟದ ಬಾಗಿಲು ತಟ್ಟಿ, ಸೇರಿದ ಕೂಟಗಳು ಒಡೆದು ಅಥವಾ ಹೊರಹಾಕಿ, 2018ರಲ್ಲಿ ಅದು ಮೇಲಿನ ದರ್ಜೆಯನ್ನೇ ಬಿಟ್ಟು ಕೆಳಗಿನ ದರ್ಜೆಗೆ ಇಳಿಯಿತು. ಹಾಗೆ ತಾನಾಗಿ ಇಳಿದ ಮೊದಲ ವಿಶ್ವವಿದ್ಯಾಲಯ ಅದು. ಏರಿದವರ ಕಥೆಯನ್ನು ಟಿವಿ ನೂರು ಸಲ ಹೇಳುತ್ತದೆ, ಇಳಿದವರದನ್ನು ಒಂದು ಸಲವೂ ಹೇಳುವುದಿಲ್ಲ.

ಪೆಟ್ಟು ತಿಂದವರು ಕೆಳಗಿನವರಿಗೆ ಪೆಟ್ಟು ದಾಟಿಸುವುದು ಈ ವ್ಯವಸ್ಥೆಯ ಅತಿ ಕೆಟ್ಟ ಗುಣ. ಪ್ಯಾಕ್-12 ಅನ್ನು ಮತ್ತೆ ಕಟ್ಟಲು ಉಳಿದ ಇಬ್ಬರು 2024ರಲ್ಲಿ ಮೌಂಟನ್ ವೆಸ್ಟ್‌ನಿಂದಲೇ ಬಾಯ್ಸಿ ಸ್ಟೇಟ್, ಸ್ಯಾನ್ ಡಿಯೆಗೊ ಸ್ಟೇಟ್ ಸೇರಿ ಐವರನ್ನು ಎಳೆದುಕೊಂಡರು. ಕಷ್ಟದಲ್ಲಿ ಪಂದ್ಯ ಕೊಟ್ಟವರ ಮನೆಗೇ ಕೈ ಹಾಕಿದ್ದನ್ನು ನಾನು ಸಮರ್ಥಿಸಲಾರೆ. ಮೌಂಟನ್ ವೆಸ್ಟ್ ತನ್ನ ಕಿಂಡಿ ಮುಚ್ಚಲು ನಾರ್ದರ್ನ್ ಇಲಿನಾಯ್, ಟೆಕ್ಸಾಸ್ ಎಲ್ ಪಾಸೊಗಳನ್ನು ಬೇರೆ ಕೂಟಗಳಿಂದ ತೆಗೆದುಕೊಂಡಿತು. ಮೇಲಿನಿಂದ ಶುರುವಾದದ್ದು ತಳದವರೆಗೂ ಇಳಿಯುತ್ತದೆ, ತಳದಲ್ಲಿರುವವರಿಗೆ ದಾಟಿಸಲು ಕೆಳಗೆ ಯಾರೂ ಇಲ್ಲ. ಮೇಲಿನವರೋ, ಪಡೆದದ್ದು ಸಾಲದೆಂದು ರಾಷ್ಟ್ರೀಯ ಪ್ಲೇಆಫ್‌ನ ಹಣಕ್ಕೂ ಕೈ ಚಾಚಿದ್ದಾರೆ. ಇಎಸ್‌ಪಿಎನ್ ಟಿವಿ ಜಾಲ 2026ರಿಂದ ಅದಕ್ಕೆ ವರ್ಷಕ್ಕೆ ಸುಮಾರು 130 ಕೋಟಿ ಡಾಲರ್ ಕೊಡುತ್ತದೆ. ಬಿಗ್ ಟೆನ್, ಎಸ್‌ಇಸಿ ಎಂಬ ಎರಡೇ ಕೂಟಗಳ ಮೂವತ್ತನಾಲ್ಕು ವಿಶ್ವವಿದ್ಯಾಲಯಗಳಿಗೆ ಅದರಲ್ಲಿ ನೂರಕ್ಕೆ ಐವತ್ತೆಂಟರಷ್ಟು. ಅರವತ್ತಕ್ಕೂ ಹೆಚ್ಚು ಸಂಸ್ಥೆಗಳಿರುವ ಸಣ್ಣ ಕೂಟಗಳೆಲ್ಲ ಸೇರಿ ನೂರಕ್ಕೆ ಒಂಬತ್ತರಷ್ಟು.

ಆಟಗಾರರಿಗೆ ಈಗ ಸಂಬಳ ಕೊಡಬೇಕಾಗಿದೆ, ಅದಕ್ಕೇ ಹಣ ಬೇಕು ಎಂಬ ನೆಪವನ್ನೂ ಕೇಳಿದ್ದೇನೆ. ಆಟಗಾರರಿಗೆ ಕೊಡಬೇಕಾದದ್ದೇ, ಅದು ಬಹಳ ತಡವಾಗಿ ಬಂದ ನ್ಯಾಯ. ಆದರೆ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ 2023ರ ನವೆಂಬರ್‌ನಲ್ಲಿ ಜಿಂಬೊ ಫಿಷರ್ ಎಂಬ ಕೋಚನ್ನು ತೆಗೆದುಹಾಕಿದ್ದಕ್ಕೆ, ಕೆಲಸ ಮಾಡದಿರುವುದಕ್ಕೆ, ಕೊಡಲು ಒಪ್ಪಿದ ಹಣ 7.5 ಕೋಟಿ ಡಾಲರ್‌ಗೂ ಹೆಚ್ಚು. ಇದನ್ನು ಕಂಡ ಮೇಲೆ ಕೊರತೆಯ ಮಾತು ಎತ್ತುವವರಿಗೆ ನಾಚಿಕೆಯಾಗಬೇಕು. ಇತ್ತ ಕೋರ್ಟಿನಲ್ಲಿ 2025ರಲ್ಲಾದ ರಾಜಿ ಒಪ್ಪಂದದಂತೆ ಹಳೆಯ ಆಟಗಾರರಿಗೆ ಕೊಡಬೇಕಾದ 280 ಕೋಟಿ ಡಾಲರ್ ಪರಿಹಾರದ ಪಾಲನ್ನು ಮೇಲಿನ ದರ್ಜೆಯಲ್ಲಿ ಫುಟ್‌ಬಾಲ್ ಆಡದ ಸಣ್ಣ ಕಾಲೇಜುಗಳೂ ಎನ್‌ಸಿಎಎಯಿಂದ ಬರುವ ಹಣದಲ್ಲಿ ಕಡಿತದ ಮೂಲಕ ಹೊರುತ್ತಿವೆ. ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ ವಿಶ್ವವಿದ್ಯಾಲಯ 2025ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಟೂರ್ನಿ ಆಡಿ ಬಂದ ಕೆಲವೇ ದಿನಗಳಲ್ಲಿ, ಮೊದಲ ದರ್ಜೆ ಬಿಟ್ಟು ಮೂರನೇ ದರ್ಜೆಗೆ ಹೋಗುವುದಾಗಿ ಹೇಳಿತು.

ಮೇಲಿನವರ ಬೆನ್ನು ಹತ್ತಲು ಮಧ್ಯಮ ದರ್ಜೆಯ ಸರ್ಕಾರಿ ವಿಶ್ವವಿದ್ಯಾಲಯಗಳು ಹಣ ತರುವುದು ವಿದ್ಯಾರ್ಥಿಗಳ ಜೇಬಿನಿಂದ. ಹಲವು ಕಡೆ ಕ್ರೀಡಾ ವಿಭಾಗದ ಬಜೆಟ್ಟಿನ ಅರ್ಧಕ್ಕಿಂತ ಹೆಚ್ಚು ಬರುವುದು ಕಡ್ಡಾಯ ಶುಲ್ಕ ಮತ್ತು ವಿಶ್ವವಿದ್ಯಾಲಯದ ಸಾಮಾನ್ಯ ನಿಧಿಯಿಂದ. ಬ್ಯಾಂಕಿನಲ್ಲಿ ಸಾಲ ಮಾಡಿ ಎಂಎಸ್ ಓದಲು ಹೋಗುವ ನಮ್ಮ ಹುಬ್ಬಳ್ಳಿ, ಮೈಸೂರಿನ ಹುಡುಗರು ಶುಲ್ಕದ ಪಟ್ಟಿಯನ್ನು ಬಿಡಿಸಿ ನೋಡಲಿ. ಕೆಲವು ಕಡೆ ಅವರೂ ಇದಕ್ಕೆ ಕಟ್ಟುತ್ತಿದ್ದಾರೆ.

ಆಗಬೇಕಾದದ್ದು ಕಷ್ಟದ್ದೇನಲ್ಲ. ಫುಟ್‌ಬಾಲ್ ಬೇಕಾದರೆ ದೇಶವೆಲ್ಲ ಸುತ್ತಲಿ, ಉಳಿದ ಆಟಗಳು ಅಕ್ಕಪಕ್ಕದವರ ಹಳೆಯ ಕೂಟಗಳಿಗೆ ಮರಳಲಿ. ಒಂದೇ ರಾಜ್ಯದಲ್ಲಿ ಶ್ರೀಮಂತ ಕೂಟಕ್ಕೆ ಹೋದ ಸಂಸ್ಥೆ ಹಿಂದುಳಿದದ್ದಕ್ಕೆ ಕ್ಯಾಲಿಫೋರ್ನಿಯಾದಂತೆ ಪಾಲು ಕೊಡಲಿ. ಟಿವಿ ಹಕ್ಕನ್ನು ಒಟ್ಟಾಗಿ ಮಾರಿ ಹಂಚಿಕೊಳ್ಳಲು ಸಂಸತ್ತು ಕಾಲೇಜುಗಳಿಗೂ ಕಾನೂನು ಮಾಡಲಿ. ಸಿಯಾಟಲ್‌ನಲ್ಲಿ, ಪೋರ್ಟ್‌ಲ್ಯಾಂಡ್‌ನಲ್ಲಿ ಸಾವಿರಾರು ಕನ್ನಡ ಕುಟುಂಬಗಳಿವೆ, ತೆರಿಗೆ ಕಟ್ಟುತ್ತವೆ, ಮಕ್ಕಳನ್ನು ಇದೇ ವಿಶ್ವವಿದ್ಯಾಲಯಗಳಿಗೆ ಕಳಿಸುತ್ತವೆ, ಎಷ್ಟೋ ಮಂದಿಗೆ ಮತವೂ ಇದೆ. ಫುಟ್‌ಬಾಲ್ ನಮ್ಮ ಆಟವಲ್ಲ ಎಂದು ಸುಮ್ಮನಿರಬೇಡಿ. ವಿಶ್ವವಿದ್ಯಾಲಯ ನಿಮ್ಮದು. ಅದರ ಆಡಳಿತ ಮಂಡಳಿಯ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ಹೋಗಿ ಕೂತು, ಎದ್ದು ನಿಂತು ಕೇಳಿ: ಬಿಗ್ ಟೆನ್‌ನಿಂದ ಬರುತ್ತಿರುವ ಹಣದಲ್ಲಿ ಪುಲ್‌ಮನ್‌ಗೆ ಎಷ್ಟು, ಕೊರ್ವಾಲಿಸ್‌ಗೆ ಎಷ್ಟು, ಯಾವಾಗ ಕೊಡುತ್ತೀರಿ?